48 ದಿನಗಳ ಬೇಸಿಗೆ ರಜೆ: ಮನೆಯಲ್ಲೇ ಕಲಿಕೆಯನ್ನು ಮುಂದುವರಿಸುವ ಬಗೆ

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನಗಳ ಬೇಸಿಗೆ ರಜೆ ದೊರೆಯುತ್ತಿದೆ. ಈ ಅವಧಿಯಲ್ಲಿ ಸಮಾಜ, ವಿಜ್ಞಾನದ ಪಾಠಗಳು ಮರೆತುಹೋದರೆ ಚಿಂತಿಸಬೇಕಾಗಿಲ್ಲ, ಇನ್ನೊಮ್ಮೆ ಓದಿದರೆ ಅವು ಮರಳಿ ಬರುತ್ತವೆ. ತಡೆಯಿಲ್ಲದೆ ಓದುವುದು, ಮಗ್ಗಿ, ದಶಕ ತೆಗೆದುಕೊಂಡು ಕಳೆಯುವುದು, ಒತ್ತಕ್ಷರ ತಪ್ಪದಂತೆ ಬರೆಯುವುದು ಇವೆಲ್ಲ ರೂಢಿಯಿಂದಲೇ ನಿಲ್ಲುವಂಥವು. ಬಳಕೆ ತಪ್ಪಿದೊಡನೆ ಸಡಿಲವಾಗುತ್ತವೆ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರಜೆಯ ನಷ್ಟ ಓದಿಗಿಂತ ಗಣಿತದಲ್ಲೇ ಹೆಚ್ಚಾಗಿ ಕಂಡಿತ್ತು. ಅದು ಸಹಜವೂ ಹೌದು. ಪತ್ರಿಕೆಯೋ ಅಂಗಡಿಯ ಫಲಕವೋ ಮಗುವಿನ ಕಣ್ಣಿಗೆ ಬಿದ್ದೇ ಬೀಳುತ್ತದೆ, ಆದರೆ ಭಾಗಾಕಾರ ಯಾರ ಮನೆಯಲ್ಲೂ ತಾನಾಗಿ ಎದುರಾಗುವುದಿಲ್ಲ.

ಆದ್ದರಿಂದ ಮುಂದಿನ ತರಗತಿಯ ಪುಸ್ತಕ ತಂದು ಏಪ್ರಿಲ್‌ನಲ್ಲೇ ಮೊದಲ ಪಾಠ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ. ರಜೆಯಲ್ಲಿ ಮಾಡಬೇಕಾದದ್ದು ಕಲಿತದ್ದಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಕೆಲಸ. ಅದಕ್ಕಾಗಿ ಮೊದಲ ವಾರದಲ್ಲೇ, ಪರೀಕ್ಷೆಯೆಂಬ ಸುಳಿವು ಕೊಡದೆ, ಮಗು ಎಲ್ಲಿ ನಿಂತಿದೆ ಎಂಬುದನ್ನು ತಿಳಿದುಕೊಳ್ಳಿ. ಈಗ ಮುಗಿಸಿದ ತರಗತಿಗಿಂತ ಒಂದು ತರಗತಿ ಹಿಂದಿನ ಪಠ್ಯದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಎಲ್ಲಿ ತಡವರಿಸುತ್ತದೆ ಎಂಬುದನ್ನು ನೀವು ಮಾತ್ರ ಗುರುತು ಹಾಕಿಕೊಳ್ಳಿ. ಕೂಡು, ಕಳೆ, ಗುಣಿಸು, ಭಾಗಿಸುಗಳಲ್ಲಿ ಒಂದೊಂದು ಲೆಕ್ಕವನ್ನು ಮಾತಿನ ನಡುವೆ ಕೇಳಿ. ಎಡವಿದ ಒಂದೆರಡು ಜಾಗಗಳೇ ಈ ರಜೆಯ ಪಠ್ಯಕ್ರಮ. ಸಮಯ ಬಿಸಿಲೇರುವ ಮುನ್ನ, ಬೆಳಗಿನ ತಿಂಡಿಗೆ ಮೊದಲೋ ನಂತರವೋ, ಒಂದು ಗಂಟೆ ಮೀರದಂತೆ ಇರಲಿ. ದಿನದ ಉಳಿದ ಭಾಗ ಮಕ್ಕಳದು. ಅಜ್ಜಿಯ ಮನೆಗೆ ಹೋದಾಗ ಆ ಒಂದು ಗಂಟೆಯೂ ಬೇಡ, ಒಂದು ನೋಟ್‌ಬುಕ್ ಮಾತ್ರ ಜೊತೆಗಿದ್ದರೆ ಸಾಕು.

ಓದಿನ ವಿಷಯದಲ್ಲಿ ನಗರದ ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಷ್ಟವನ್ನು ಪ್ರತ್ಯೇಕವಾಗಿ ಹೇಳಬೇಕು. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುವ ಐದನೆಯ ತರಗತಿಯ ಮಗು ‘ಸ್ವಾತಂತ್ರ್ಯ’ ಎಂಬ ಪದದ ಮುಂದೆ ನಿಂತುಬಿಡುತ್ತದೆ. ಅಕ್ಷರಮಾಲೆ ತಿಳಿದಿದ್ದರೂ ಒತ್ತಕ್ಷರಗಳ ಪರಿಚಯ ಸಾಲದಿರುವುದೇ ಬಹುಪಾಲು ಕಾರಣ. ವಾರಕ್ಕೆ ನಾಲ್ಕೈದು ಒತ್ತುಗಳನ್ನು ಆರಿಸಿಕೊಂಡು, ಅವು ಬರುವ ಪದಗಳನ್ನು ಬಸ್ಸಿನ ಫಲಕ, ಅಂಗಡಿಯ ಹೆಸರು, ಮದುವೆಯ ಕರೆಯೋಲೆಗಳಲ್ಲಿ ಹುಡುಕಿ ಬರೆದುಕೊಳ್ಳಲು ಹೇಳಿದರೆ, ಕಾಪಿ ಬರೆಸುವುದಕ್ಕಿಂತ ಬೇಗ ಫಲ ಸಿಗುತ್ತದೆ. ಕ್ಯಾಲೆಂಡರಿನಲ್ಲಿ ಕಾಣುವ ಕನ್ನಡ ಅಂಕಿಗಳನ್ನೂ ಇದೇ ಬೇಟೆಗೆ ಸೇರಿಸಿಕೊಳ್ಳಬಹುದು. ಜೊತೆಗೆ ದಿನಕ್ಕೆ 20 ನಿಮಿಷ ಜೋಡಿ ಓದು ಇರಲಿ: ಒಂದು ಪುಟ ನೀವು, ಒಂದು ಪುಟ ಮಗು. ತಪ್ಪಿದ ಪದವನ್ನು ಕೂಡಲೇ ತಿದ್ದಬೇಡಿ. ವಾಕ್ಯ ಮುಗಿಯಲು ಬಿಟ್ಟರೆ ಎಷ್ಟೋ ತಪ್ಪುಗಳನ್ನು ಮಕ್ಕಳೇ ಸರಿಪಡಿಸಿಕೊಳ್ಳುತ್ತಾರೆ.

ಪುಸ್ತಕಕ್ಕೆ ಹಣವೇ ಬೇಕೆಂದೇನಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಹಂತಗಳಿಗೆ ಅನುಗುಣವಾಗಿ ವಿಂಗಡಿಸಿದ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಹೊರನಾಡಿನ ಕನ್ನಡ ಮಕ್ಕಳಿಗೂ ಇದು ಅನುಕೂಲ.

ಗಣಿತಕ್ಕೆ ಬೇಸಿಗೆಯ ಅಡುಗೆಮನೆಗಿಂತ ಒಳ್ಳೆಯ ತರಗತಿ ಬೇರೊಂದಿಲ್ಲ. ಸಂಡಿಗೆ ಇಡುವ ದಿನ ಅಕ್ಕಿಯನ್ನು ಅಳೆಯುವ ಕೆಲಸ ಮಗುವಿಗೆ ಬಿಡಿ: ಸೇರಿಗೆ 4 ಪಾವಾದರೆ ಒಂದೂವರೆ ಸೇರಿಗೆ ಎಷ್ಟು, ಅಷ್ಟಕ್ಕೆ ಉಪ್ಪು, ಜೀರಿಗೆ ಎಷ್ಟು ಹೆಚ್ಚಬೇಕು ಎಂಬುದನ್ನು ಅದೇ ಲೆಕ್ಕ ಹಾಕಲಿ. ತಟ್ಟೆಯೊಂದರ ಸಂಡಿಗೆಯನ್ನು ಇಟ್ಟ ಕೂಡಲೇ ಒಮ್ಮೆ ತೂಗಿ, ಮೂರು ದಿನ ಸಂಜೆ ಮತ್ತೆ ತೂಗಿ ಬರೆದಿಟ್ಟರೆ, ಕಡಿಮೆಯಾದ ತೂಕವೆಲ್ಲ ಆವಿಯಾದ ನೀರು ಎಂಬುದು ತಿಳಿಯುತ್ತದೆ. ಮೊದಲ ದಿನ ಹೆಚ್ಚು, ಆಮೇಲೆ ಕಡಿಮೆ ಇಳಿಯುವುದೇಕೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಕಾಗೆ ಕದ್ದೊಯ್ದದ್ದನ್ನು ಲೆಕ್ಕದಿಂದ ಕಳೆಯುವುದನ್ನು ಮರೆಯಬಾರದು.

ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಚೌಕಾಬಾರವಿದೆ. ನಾಲ್ಕು ಕವಡೆಗಳಲ್ಲಿ ಅಂಗಾತ ಬಿದ್ದವು ಎಷ್ಟೋ ಅಷ್ಟು ಮನೆ, ನಾಲ್ಕೂ ಬೋರಲಾದರೆ ಎಂಟು. ಆರನೆಯ ತರಗತಿ ದಾಟಿದ ಮಕ್ಕಳು ನೂರು ಬಾರಿ ಎಸೆದು, ಯಾವ ಸಂಖ್ಯೆ ಎಷ್ಟು ಸಲ ಬಿತ್ತೆಂದು ಗೆರೆ ಹಾಕುತ್ತಾ ಹೋದರೆ, ಸಂಭವನೀಯತೆಯ ಪಾಠ ಪುಸ್ತಕದಲ್ಲಿ ಬರುವ ಮೊದಲೇ ಕೈಗೆ ಬಂದಿರುತ್ತದೆ. ಕವಡೆಯ ಎರಡು ಬದಿಗಳು ಒಂದೇ ಬಗೆಯವಲ್ಲವಾದ್ದರಿಂದ ಅದು ನಾಣ್ಯದಂತೆ ಸರಿಸಮವಾಗಿ ಬೀಳಬೇಕೆಂದಿಲ್ಲ. ಹುಣಿಸೆ ಬೀಜವನ್ನು ಸೀಳಿ ಅದರಿಂದ ಆಡಿದರೆ ಮತ್ತೊಂದು ಫಲಿತಾಂಶ ಸಿಗಬಹುದು. ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಿಲೋಮೀಟರ್ ಕಲ್ಲುಗಳನ್ನು ನೋಡಿ, ಎರಡು ಕಲ್ಲುಗಳ ನಡುವೆ 72 ಸೆಕೆಂಡ್ ಹಿಡಿದರೆ ಬಸ್ಸಿನ ವೇಗ ಗಂಟೆಗೆ 50 ಕಿಲೋಮೀಟರ್ ಎಂದು ಕಂಡುಹಿಡಿಯುವ ಲೆಕ್ಕವೂ ಇದೇ ಜಾತಿಯದು.

ವಿಜ್ಞಾನಕ್ಕೆ ನಮ್ಮ ರಜೆಯೇ ಒಂದು ಅಪರೂಪದ ಅವಕಾಶವನ್ನು ಕೊಟ್ಟಿದೆ. ಉತ್ತರದ ಕಡೆಗೆ ಸರಿಯುವ ಸೂರ್ಯ ಈ ಅವಧಿಯಲ್ಲೇ ಕರ್ನಾಟಕದ ನೆತ್ತಿಯ ಮೇಲೆ ಹಾದುಹೋಗುತ್ತಾನೆ, ಆ ದಿನ ನಡುಹಗಲಿನಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಮೈಸೂರಿನಲ್ಲಿ ಇದು ಏಪ್ರಿಲ್ 22ರ ಆಸುಪಾಸು, ಬೆಂಗಳೂರು ಮತ್ತು ಮಂಗಳೂರುಗಳಲ್ಲಿ ಏಪ್ರಿಲ್ 24–25, ಹುಬ್ಬಳ್ಳಿಯಲ್ಲಿ ಮೇ 2ರ ಸುಮಾರಿಗೆ, ಬೀದರಿನಲ್ಲಿ ಮೇ 11–12ರ ಹೊತ್ತಿಗೆ ಬರುತ್ತದೆ. ಗಡಿಯಾರದ 12 ಗಂಟೆಗೇ ಕಾಯಬೇಡಿ. ಬೆಂಗಳೂರಿನ ನಿಜವಾದ ನಡುಹಗಲು ಆಗ ಸುಮಾರು 12.17ಕ್ಕೆ, ಪಶ್ಚಿಮದ ಮಂಗಳೂರಿನದು 12.28ರ ಸುಮಾರಿಗೆ. ಬೆಂಗಳೂರಿನ ಮಗು ಮಂಗಳೂರಿನ ಸೋದರಸಂಬಂಧಿಗೆ ಫೋನ್ ಮಾಡಿ ಈ 11 ನಿಮಿಷಗಳ ಅಂತರವನ್ನು ತಾನೇ ಕಂಡುಕೊಂಡರೆ ರೇಖಾಂಶವೆಂದರೇನೆಂದು ಮತ್ತೆ ಯಾರೂ ವಿವರಿಸಬೇಕಾಗಿಲ್ಲ. ಮೋಡ ಕವಿದು ಆ ದಿನ ತಪ್ಪಿದರೂ ನಷ್ಟವಿಲ್ಲ. ಮೂರ್ನಾಲ್ಕು ದಿನಗಳಿಗೊಮ್ಮೆ ನಡುಹಗಲಿನ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತಾ ಬಂದರೆ, ಉತ್ತರಕ್ಕೆ ಬೀಳುತ್ತಿದ್ದ ನೆರಳು ಕುಗ್ಗಿ ಕುಗ್ಗಿ ದಕ್ಷಿಣಕ್ಕೆ ತಿರುಗುವುದು ಕಾಣುತ್ತದೆ. ಟೋಪಿ ಹಾಕಿಸಿ, ಹತ್ತೇ ನಿಮಿಷ ಹೊರಗಿರಲಿ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮೊದಲೇ ಎಚ್ಚರಿಸಿ.

ಮಳೆಗೂ ಹೀಗೇ ಒಂದು ಲೆಕ್ಕ ಇಡಬಹುದು. ನೇರ ಗೋಡೆಯ, ಸಮತಟ್ಟಾದ ತಳದ ಡಬ್ಬವನ್ನು ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಿರಿ. 1 ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ತಾರಸಿಯ ಉದ್ದ ಅಗಲ ಅಳೆದರೆ ಎಷ್ಟು ನೀರು ಹರಿದುಹೋಯಿತೆಂಬ ಲೆಕ್ಕವೂ ಸಿಗುತ್ತದೆ. ಇದನ್ನು ಬರೆದಿಡುವ ನೋಟ್‌ಬುಕ್ಕಿನ ಪುಟದ ಬದಿಗೆ ಆಗ ನಡೆಯುತ್ತಿರುವ ಮಳೆನಕ್ಷತ್ರದ ಹೆಸರು ಇರಲಿ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬಂಥ ಗಾದೆಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಂಡರೆ ಬರವಣಿಗೆಯ ಅಭ್ಯಾಸವೂ ಆಯಿತು. ದಿನಕ್ಕೆ ಐದು ಸಾಲು ಸಾಕು, ಆದರೆ ಅವು ಯಾರಿಗೋ ಬೇಕಾದ ಸಾಲುಗಳಾಗಿರಬೇಕು: ಸಂಡಿಗೆಯ ಅಳತೆ, ನೆರಳಿನ ಉದ್ದ, ಅತ್ತೆಗೆ ಒಂದು ಕಾಗದ. ಕೆಂಪು ಶಾಯಿಯಿಂದ ತಿದ್ದಿದ ದಿನವೇ ಈ ನೋಟ್‌ಬುಕ್ ನಿಂತುಹೋಗುತ್ತದೆ.

ಶಿಬಿರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥದ್ದು ಹತ್ತಿರದಲ್ಲಿದ್ದರೆ ಕಳಿಸಿ, ಇಲ್ಲದಿದ್ದರೆ ಕೊರಗಬೇಡಿ. ಮೊಬೈಲಿಗೆ ಸಂಜೆಯ ಒಂದು ಗೊತ್ತಾದ ಹೊತ್ತು ಇರಲಿ, ಬೆಳಗಿನ ಗಂಟೆಯೊಳಗೆ ಅದು ಬರುವುದು ಬೇಡ. ಈಜು ಕಲಿಸುವುದಾದರೆ ಬಲ್ಲ ಹಿರಿಯರು ನೀರಿಗಿಳಿದು ಜೊತೆಗಿರಬೇಕು. ಕೆರೆ, ನಾಲೆ, ಕೃಷಿಹೊಂಡಗಳತ್ತ ಮಕ್ಕಳೇ ಹೋಗದಂತೆ ನೋಡಿಕೊಳ್ಳುವುದು ಈ ಲೇಖನದ ಉಳಿದೆಲ್ಲ ಸಲಹೆಗಳಿಗಿಂತ ಮುಖ್ಯ.

ಮೇ ಕೊನೆಯ ವಾರದಲ್ಲಿ, ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಮಕ್ಕಳನ್ನು ದಿನಕ್ಕೆ ಕಾಲು ಗಂಟೆಯಂತೆ ಬೇಗ ಮಲಗಿಸುತ್ತಾ ಬನ್ನಿ. ಮೊದಲ ವಾರ ಓದಿಸಿದ ಅದೇ ಪುಟವನ್ನು ಮತ್ತೆ ಓದಿಸಿ, ಆಗ ಹಾಕಿಕೊಂಡ ಗುರುತುಗಳನ್ನು ಹೋಲಿಸಿ ನೋಡಿ. ಇನ್ನೂ ಉಳಿದಿರುವ ತೊಡಕನ್ನು ಒಂದು ಚೀಟಿಯಲ್ಲಿ ಬರೆದು, ಶಾಲೆ ತೆರೆದ ದಿನ ನೋಟ್‌ಬುಕ್ಕಿನೊಂದಿಗೆ ತರಗತಿಯ ಶಿಕ್ಷಕರ ಕೈಗೆ ಕೊಡಿ.