‘ಚೀನಾ ಹೀಗೆಂದಿತು’ ಎಂಬ ಸುದ್ದಿ ಬಂದಾಗ ಗೂಡು ಕೊಳ್ಳುವ ಮುನ್ನ ಏನು ನೋಡಬೇಕು

2025ರ ಸೆಪ್ಟೆಂಬರ್ ಕೊನೆಯಲ್ಲಿ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚುವ ನಮ್ಮ ಶಿಡ್ಲಘಟ್ಟದ ರೀಲರ್‌ಗಳ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡಿತು: ‘ಚೀನಾ ಅಭಿವೃದ್ಧಿಶೀಲ ರಾಷ್ಟ್ರದ ಪಟ್ಟ ಬಿಟ್ಟಿದೆ, ಇನ್ನು ಚೀನಾ ರೇಷ್ಮೆ ದುಬಾರಿ.’ ನನ್ನ ಚಿಕ್ಕಮಾವ ಅದನ್ನು ನಂಬಿ ಮರುದಿನದ ಹರಾಜಿನಲ್ಲಿ ಗೂಡಿನ ಎರಡು ಲಾಟ್ ಹೆಚ್ಚಿಗೆ ಹಿಡಿದರು. ಹಸಿ ಗೂಡು ರಾಗಿಯಲ್ಲ, ಕಣಜದಲ್ಲಿ ಹಾಕಿ ಬೆಲೆಗೆ ಕಾಯಲು ಆಗುವುದಿಲ್ಲ. ಚಿಟ್ಟೆ ತೂತು ಕೊರೆದು ಹೊರಬರುವ ಮೊದಲೇ ಬೇಯಿಸಿ ಬಿಚ್ಚಬೇಕು. ಬಿಚ್ಚಿದರು. ನೂಲಿನ ಬೆಲೆ ಒಂದು ರೂಪಾಯಿಯೂ ಏರಲಿಲ್ಲ.

ನಾನು ಮನೆಯ ಘಟಕದ ಲೆಕ್ಕ ಬರೆಯುವವಳು. ಇಂಥ ಸುದ್ದಿಯನ್ನು ಹೇಗೆ ಓದಬೇಕೆಂದು ಅಂದಿನಿಂದ ನಮ್ಮ ಬೀದಿಯವರಿಗೆ ಹೇಳುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನಿಜವಾಗಿ ಆಡಿದ ಮಾತು ಯಾವುದು ಎಂದು ಹುಡುಕಿ. ಚೀನಾದ ಪ್ರಧಾನಿ ಲಿ ಚಿಯಾಂಗ್ ನ್ಯೂಯಾರ್ಕ್‌ನಲ್ಲಿ ಹೇಳಿದ್ದು ಇಷ್ಟು: ವಿಶ್ವ ವ್ಯಾಪಾರ ಸಂಸ್ಥೆಯ ಈಗಿನ ಮತ್ತು ಮುಂದಿನ ಮಾತುಕತೆಗಳಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಸಿಗುವ ವಿಶೇಷ ರಿಯಾಯಿತಿಯನ್ನು ಚೀನಾ ಹೊಸದಾಗಿ ಕೇಳುವುದಿಲ್ಲ. ‘ಹೊಸದಾಗಿ’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ಈಗಾಗಲೇ ಇರುವುದನ್ನು ಬಿಡುತ್ತೇವೆ ಎಂದು ಅವರು ಹೇಳಲಿಲ್ಲ. ಪಟ್ಟವನ್ನೂ ಬಿಡಲಿಲ್ಲ. ಅಲ್ಲಿ ‘ಅಭಿವೃದ್ಧಿಶೀಲ’ ಎಂಬುದು ಪ್ರತಿ ದೇಶ ತಾನೇ ಘೋಷಿಸಿಕೊಳ್ಳುವ ಹೆಸರು. ನಮ್ಮ ಬಂದರಿನಲ್ಲಿ ರೇಷ್ಮೆಯ ಮೇಲೆ ಬೀಳುವ ಸುಂಕಕ್ಕೂ ಈ ಮಾತಿಗೂ ಸಂಬಂಧವೇ ಇರಲಿಲ್ಲ.

ಎರಡನೆಯದಾಗಿ, ಆ ಹೊತ್ತಿಗೆ ಚೀನಾ ಯಾವ ಜಾಗದಲ್ಲಿ ನಿಂತು ಮಾತನಾಡುತ್ತಿದೆ ಎಂದು ಕೇಳಿಕೊಳ್ಳಿ. ಅರ್ಜಿದಾರನೋ, ಆರೋಪಿಯೋ, ದೂರುದಾರನೋ, ನಿಯಮ ಬರೆಯುವವನೋ? ಒಂದೇ ದೇಶ ಈ ನಾಲ್ಕೂ ಜಾಗಗಳಲ್ಲಿ ನಿಂತಿದೆ. ವಿಶ್ವ ವ್ಯಾಪಾರ ಸಂಸ್ಥೆಗೂ ಮುಂಚೆ ಇದ್ದ ವ್ಯಾಪಾರ ಒಪ್ಪಂದವಾದ 1947ರ ಗ್ಯಾಟ್‌ಗೆ ಸಹಿ ಹಾಕಿದ 23 ದೇಶಗಳಲ್ಲಿ ಭಾರತದಂತೆ ಚೀನಾವೂ ಇತ್ತು. ಕ್ರಾಂತಿಯ ನಂತರ ತೈವಾನ್‌ಗೆ ಹೋದ ಸರ್ಕಾರ 1950ರಲ್ಲಿ ಹೊರಬಂದಿತು. ಬೀಜಿಂಗ್ 1986ರಲ್ಲಿ ಮತ್ತೆ ಬಾಗಿಲು ತಟ್ಟಿ, ಹದಿನೈದು ವರ್ಷ ಚೌಕಾಸಿ ಮಾಡಿ, 2001ರ ಡಿಸೆಂಬರ್ 11ರಂದು ಸಂಸ್ಥೆಯ 143ನೆಯ ಸದಸ್ಯನಾಯಿತು. ಒಳಗೆ ಬರಲು ಬೇರೆಯವರು ಒಪ್ಪದಂಥ ಬಿಗಿ ಷರತ್ತುಗಳನ್ನು ಒಪ್ಪಿತು. ಅವುಗಳಲ್ಲಿ ಒಂದು ನಮಗೆ ನೇರವಾಗಿ ತಟ್ಟುವಂಥದ್ದು: ಚೀನಾ ಸರಕು ತೀರಾ ಅಗ್ಗಕ್ಕೆ ಬರುತ್ತಿದೆ ಎಂಬ ದೂರು ಬಂದಾಗ ಅಲ್ಲಿನ ಒಳಬೆಲೆಯನ್ನು ನಂಬದೆ ಬೇರೆ ದೇಶದ ಬೆಲೆಯೊಂದಿಗೆ ಹೋಲಿಸಬಹುದು. ಹದಿನೈದು ವರ್ಷಕ್ಕೆ ಈ ಷರತ್ತು ಮುಗಿಯಿತು ಎಂದು ಚೀನಾ ವಾದಿಸಿತು. ಅವಧಿ ತೀರಿದ ಮರುದಿನ, 2016ರ ಡಿಸೆಂಬರ್ 12ರಂದೇ, ಯುರೋಪ್ ಒಕ್ಕೂಟದ ವಿರುದ್ಧ ದೂರು ಕೊಟ್ಟಿತು. 2019ರಲ್ಲಿ ಆ ವಿಚಾರಣೆ ನಿಲ್ಲಿಸಿ ಎಂದು ತಾನೇ ಕೇಳಿಕೊಂಡಿತು.

ಈಗ ಅದು ನಿಯಮ ಬರೆಯಲೂ ಮುಂದಾಗಿದೆ. ಹೂಡಿಕೆಗೆ ಅನುಕೂಲ ಮಾಡಿಕೊಡುವ ಒಪ್ಪಂದವೊಂದಕ್ಕೆ ಚೀನಾ ಹಲವು ದೇಶಗಳನ್ನು ಒಟ್ಟುಗೂಡಿಸಿತು. 2024ರಲ್ಲಿ ಅಬುಧಾಬಿಯಲ್ಲಿ ನಡೆದ ಸಂಸ್ಥೆಯ ಸಭೆಯಲ್ಲಿ ಭಾರತ ಅದನ್ನು ತಡೆಯಿತು. 2025ರ ಅಕ್ಟೋಬರ್‌ನಲ್ಲಿ ಭಾರತದ ವಿದ್ಯುತ್ ವಾಹನ, ಬ್ಯಾಟರಿ ಸಬ್ಸಿಡಿಗಳ ಮೇಲೆ ಚೀನಾವೇ ದೂರು ಕೊಟ್ಟಿತು. ‘ಚೀನಾ ಭಾರತದ ಮೇಲೆ ದೂರು’ ಎಂಬ ತಲೆಬರಹ ಕಂಡರೆ ಯಾವ ಸರಕಿನ ಮೇಲೆ ಎಂದು ಮೊದಲು ನೋಡಿ. ತೀರ್ಪು ಬೇಗ ಬರುತ್ತದೆ ಎಂದೂ ಎಣಿಸಬೇಡಿ. ಸದಸ್ಯರ ನೇಮಕಕ್ಕೆ ಅಮೆರಿಕ ತಡೆ ಹಾಕಿದ್ದರಿಂದ 2019ರ ಡಿಸೆಂಬರ್‌ನಿಂದ ಸಂಸ್ಥೆಯ ಮೇಲ್ಮನವಿ ಪೀಠವೇ ಕೆಲಸ ಮಾಡುತ್ತಿಲ್ಲ.

ಮೂರನೆಯದನ್ನು ಮಾತ್ರ ಮರೆಯಲೇಬೇಡಿ. ಯಾವ ಸುದ್ದಿ ಬಂದರೂ 5002 ಎಂಬ ಸಾಲನ್ನು ಹುಡುಕಿ. ಸುಂಕದ ಪಟ್ಟಿಯಲ್ಲಿ ಅದು ಕಚ್ಚಾ ರೇಷ್ಮೆಯ ಸಂಖ್ಯೆ. ಗೂಡು 5001, ಬಟ್ಟೆ 5007. ಬಜೆಟ್ ದಿನ ಭಾಷಣ ಕೇಳಿ ಟಿವಿ ಆರಿಸಬೇಡಿ, ಅದರ ಜೊತೆ ಬರುವ ಸುಂಕದ ಅನುಬಂಧ ತೆಗೆಯಿರಿ. 2011ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ವ್ಯಾಪಾರ ಸಂಸ್ಥೆಯ ಕಚೇರಿಯಿರುವ ಜಿನೀವಾದಲ್ಲಿ ಯಾರೂ ಹಾಗೆ ಮಾಡಿ ಎಂದು ಕೇಳಿರಲಿಲ್ಲ, ನಿರ್ಧಾರ ದೆಹಲಿಯದ್ದೇ. ಆಮೇಲೆ ಶೇ 10 ಆಗಿದ್ದ ಸುಂಕ 2021ರ ಬಜೆಟ್‌ನಲ್ಲಿ ಶೇ 15 ಆಯಿತು.

2011ರ ಒಂದು ಬೆಳಿಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೇಕಾರರೊಬ್ಬರು ಚೀನಾ ನೂಲಿನ ಒಂದು ಲಡಿ ತಂದಿದ್ದರು. ಮಾವನವರು ಒದ್ದೆ ಕೈ ಒರೆಸಿಕೊಂಡು ಒಂದೆಳೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ನಿಧಾನವಾಗಿ ಎಳೆದರು. ಗಂಟಿಲ್ಲ, ದಪ್ಪ–ತೆಳುವಿಲ್ಲ. ನಂತರ ನಮ್ಮ ಚರಕದ ಎಳೆಯನ್ನು ಹಾಗೆಯೇ ಎಳೆದರು. ಬೆರಳು ಮೂರು ಕಡೆ ತಡೆಯಿತು. ಏನೂ ಹೇಳದೆ ಬೇಸಿನ್‌ನ ಮುಂದೆ ಹೋಗಿ ಕುಳಿತರು. ಬೆಲೆಯಲ್ಲಿ ಮಾತ್ರ ಅಲ್ಲ, ಎಳೆಯ ಸಮತೆಯಲ್ಲಿಯೂ ನಾವು ಹಿಂದಿದ್ದೇವೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತಿದ್ದೇನೆ.

ಒಂದೇ ದೇಶದ ಸರಕಿಗೆ ಮಾತ್ರ ಹೆಚ್ಚು ಸುಂಕ ಹಾಕಲು ವ್ಯಾಪಾರ ಸಂಸ್ಥೆಯ ನಿಯಮ ಸುಲಭವಾಗಿ ಬಿಡುವುದಿಲ್ಲ. ನಮ್ಮಂಥವರಿಗೆ ತೆರೆದಿರುವ ಮುಖ್ಯ ದಾರಿ ಸುರಿ ವಿರೋಧಿ (ಆ್ಯಂಟಿ ಡಂಪಿಂಗ್) ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವ ಸರಕಿನ ಮೇಲೆ ಹಾಕುವ ಹೆಚ್ಚುವರಿ ಸುಂಕ. 2000ದ ದಶಕದಲ್ಲಿ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಭಾರತ ಅದನ್ನು ಹಾಕಿತ್ತು. ಆದರೆ ಅದು ತಾನಾಗಿ ಬರುವುದಿಲ್ಲ. ದೇಶದ ಉತ್ಪಾದನೆಯ ಕನಿಷ್ಠ ಶೇ 25ರಷ್ಟನ್ನು ಮಾಡುವವರು ಅರ್ಜಿಯನ್ನು ಬೆಂಬಲಿಸಬೇಕು, ತಮಗಾದ ನಷ್ಟವನ್ನು ಅಂಕಿಗಳಲ್ಲಿ ತೋರಿಸಬೇಕು. ಕೈಲಿ ರಸೀದಿಯಿಲ್ಲದ ನೂರಾರು ಸಣ್ಣ ರೀಲರ್‌ಗಳ ನಷ್ಟ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇದು ನನ್ನನ್ನು ಕಾಡುವ ಸಂಗತಿ.

ಆದ್ದರಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ದಿನಾಂಕ, ಲಾಟ್ ಸಂಖ್ಯೆ, ಗೂಡು ಮಿಶ್ರತಳಿಯೋ ದ್ವಿತಳಿಯೋ, ಗೂಡಿನ ತೂಕ ಮತ್ತು ದರ, ಬಿಚ್ಚಿದ ನೂಲಿನ ತೂಕ, ಮಾರಿದ ದರ, ಸೌದೆ, ಕೂಲಿ. ಕೊನೆಯ ಕಾಲಂನಲ್ಲಿ ಅಂದು ಚೀನಾ ನೂಲು ಎಷ್ಟಕ್ಕೆ ಸಿಗುತ್ತಿತ್ತು ಎಂದು ವ್ಯಾಪಾರಿಯನ್ನು ಕೇಳಿ ಬರೆಯಿರಿ. ಮಾರುಕಟ್ಟೆಯ ಹರಾಜು ಚೀಟಿಯನ್ನು ಅದೇ ಪುಟಕ್ಕೆ ಅಂಟಿಸಿ. ಚಿಕ್ಕಮಾವ ಈಗ ಪ್ರತಿ ಸಂಜೆ ತಮ್ಮ ಚೀಟಿಗಳನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ.