ಬ್ರೂಸ್ ಕೌಂಟಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಮನೆ, ದಾರಿ, ಶಾಲೆ

ಒಂಟಾರಿಯೋದ ಬ್ರೂಸ್ ಕೌಂಟಿಯಲ್ಲಿ ಕೆಲಸ ಸಿಕ್ಕಿತು ಎಂದ ಕೂಡಲೇ ನಮ್ಮವರು ಬಾಡಿಗೆ ಮನೆ ಹುಡುಕಲು ಕೂರುತ್ತಾರೆ. ಮಗುವಿನ ಶಾಲೆ ಯಾವುದು ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಇಲ್ಲಿ ಅದನ್ನು ತಿರುವುಮುರುವು ಮಾಡಬೇಕು. ಮನೆಯ ವಿಳಾಸ ಯಾವುದೋ ಅದರ ಮೇಲೆಯೇ ಶಾಲೆ, ಶಾಲಾ ಬಸ್ಸು, ಕುಡಿಯುವ ನೀರು, ಚಳಿಗಾಲದಲ್ಲಿ ಮನೆ ಬಿಡಲು ಸಾಧ್ಯವೋ ಇಲ್ಲವೋ ಎಲ್ಲ ನಿಂತಿದೆ. ಕರಾರಿಗೆ ಸಹಿ ಹಾಕುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಊರಿನ ಪರಿಚಯ

ವಿಸ್ತೀರ್ಣದಲ್ಲಿ ಈ ಕೌಂಟಿ ಹೆಚ್ಚುಕಡಿಮೆ ನಮ್ಮ ಕೊಡಗಿನಷ್ಟಿದೆ, ಸುಮಾರು 4 ಸಾವಿರ ಚದರ ಕಿ.ಮೀ. ಆದರೆ 2021ರ ಗಣತಿಯಲ್ಲಿ ಇಲ್ಲಿದ್ದ ಜನ 73 ಸಾವಿರ ಚಿಲ್ಲರೆ. ಕೊಡಗಿನಲ್ಲಿ 2011ರಲ್ಲೇ ಐದೂವರೆ ಲಕ್ಷ ಜನ ಇದ್ದರು. ಊರಿಂದ ಊರಿಗೆ ನಡುವೆ ಏನೂ ಸಿಗುವುದಿಲ್ಲ ಎಂಬುದನ್ನು ಇದರಿಂದಲೇ ಅಂದಾಜು ಮಾಡಿ. ಪಶ್ಚಿಮಕ್ಕೆ ಉದ್ದಕ್ಕೂ ಹ್ಯೂರಾನ್ ಸರೋವರ. ಉತ್ತರಕ್ಕೆ ಚಾಚಿದ ಪರ್ಯಾಯ ದ್ವೀಪದ ತುದಿಯಲ್ಲಿ ಟೊಬರ್ಮೊರಿ. ದಕ್ಷಿಣದಲ್ಲಿ ಕಿಂಕಾರ್ಡಿನ್, ರಿಪ್ಲಿ, ಲಕ್ನೋ, ಟೀಸ್‌ವಾಟರ್. ಈ ಲಕ್ನೋ ನಮ್ಮ ಉತ್ತರ ಪ್ರದೇಶದ ಲಕ್ನೋ ಹೆಸರನ್ನೇ ಪಡೆದದ್ದು. ಕೌಂಟಿಯ ಕೇಂದ್ರ ವಾಕರ್ಟನ್.

ನಮ್ಮವರಲ್ಲಿ ಹೆಚ್ಚಿನವರು ಬರುವುದು ಬ್ರೂಸ್ ಪವರ್ ಅಣುವಿದ್ಯುತ್ ಸ್ಥಾವರದ ಕೆಲಸಕ್ಕೆ. ಅದು ಕಿಂಕಾರ್ಡಿನ್ ಮತ್ತು ಪೋರ್ಟ್ ಎಲ್ಗಿನ್ ನಡುವೆ ಇದೆ. ಹಾಗಾಗಿ ಈ ಎರಡು ಊರುಗಳಲ್ಲೇ ನಮ್ಮ ಮನೆಗಳು ಹೆಚ್ಚು. ಅಪಘಾತದಲ್ಲಿ ವಿಕಿರಣ ಸೋರಿದರೆ ಥೈರಾಯ್ಡ್ ಗ್ರಂಥಿಯನ್ನು ಕಾಪಾಡುವ ಅಯೋಡಿನ್ ಮಾತ್ರೆಯನ್ನು ಸ್ಥಾವರದಿಂದ 10 ಕಿ.ಮೀ. ಒಳಗಿನ ಮನೆಗಳಿಗೆ ಮೊದಲೇ ಹಂಚಿರುತ್ತಾರೆ, 50 ಕಿ.ಮೀ. ಒಳಗಿನವರು ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಬಾಡಿಗೆಗೆ ಬಂದ ಮನೆಯಲ್ಲಿ ಅದು ಇದೆಯೇ, ಅವಧಿ ಮೀರಿದೆಯೇ ನೋಡಿಕೊಳ್ಳಿ. ಗಾಬರಿಪಡುವ ವಿಷಯವಲ್ಲ. ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು.

ಆಡಳಿತ ಎರಡು ಅಂತಸ್ತಿನದು. ಆಂಬುಲೆನ್ಸ್, ಗ್ರಂಥಾಲಯ, ದೊಡ್ಡ ರಸ್ತೆಗಳು, ಮಕ್ಕಳ ಆರೈಕೆಯ ಸಹಾಯಧನ ಕೌಂಟಿಗೆ ಸೇರಿದ್ದು. ಕಸ, ಊರ ನೀರು, ಒಳರಸ್ತೆಯ ಹಿಮ ತೆಗೆಯುವುದು ಎಂಟು ಸ್ಥಳೀಯ ಪುರಸಭೆಗಳ ಪಾಲಿಗೆ. ಶಾಲೆ ಇವೆರಡಕ್ಕೂ ಸೇರಿಲ್ಲ. ಅದಕ್ಕೆ ಬೇರೆಯೇ ಮಂಡಳಿ. ಶಾಲೆಯ ದೂರನ್ನು ಪುರಸಭೆಗೆ ಬರೆದು ವಾರಗಟ್ಟಲೆ ಕಾಯಬೇಡಿ.

ಇದು ಸೌಗೀನ್ ಒಜಿಬ್ವೆ ಎಂಬ ಮೂಲನಿವಾಸಿ ಜನರ ನೆಲ. ಸೌಗೀನ್ ಸಮುದಾಯ ಸೌತಾಂಪ್ಟನ್ ಪಕ್ಕದಲ್ಲಿದೆ, ನವಾಶ್ ಸಮುದಾಯ ನೆಯಾಶೀನಿಗ್ಮೀಂಗ್‌ನಲ್ಲಿ. 1836 ಮತ್ತು 1854ರ ಒಪ್ಪಂದಗಳಲ್ಲಿ ಅವರ ಕೈಯಿಂದ ಬಹುಪಾಲು ಭೂಮಿ ಹೋಯಿತು. ಸರೋವರದ ದಡದ ಸಾಬಲ್ ಬೀಚಿನ ಒಂದು ಭಾಗ ಸೌಗೀನ್ ಜನರಿಗೇ ಸೇರಿದ್ದೆಂದು 2023ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿದೆ. ಶಾಲೆಯಲ್ಲಿ ಮಕ್ಕಳು ಇದನ್ನೆಲ್ಲ ಕಲಿಯುತ್ತಾರೆ. ವಸತಿ ಶಾಲೆಗಳಲ್ಲಿ ನೊಂದ ಮೂಲನಿವಾಸಿ ಮಕ್ಕಳ ನೆನಪಿಗೆ ಸೆಪ್ಟೆಂಬರ್ 30ರಂದು ಕಿತ್ತಳೆ ಬಣ್ಣದ ಅಂಗಿ ಹಾಕಿ ಕಳಿಸಬೇಕು. ನಮ್ಮ ಪಠ್ಯಪುಸ್ತಕದಲ್ಲಿ ಓದಿದ ‘ರೆಡ್ ಇಂಡಿಯನ್’ ಎಂಬ ಮಾತನ್ನು ಮನೆಯಲ್ಲೂ ಆಡಬೇಡಿ. ಮಕ್ಕಳು ಅದನ್ನು ಶಾಲೆಗೆ ಒಯ್ಯುತ್ತಾರೆ, ಪಕ್ಕದಲ್ಲಿ ಕೂತ ಮಗುವಿಗೆ ನೋವಾಗುತ್ತದೆ. ಲಕ್ನೋ, ಚೆಸ್ಲಿ ಕಡೆಯ ರಸ್ತೆಗಳಲ್ಲಿ ಹಳೆಯ ರೀತಿಯಲ್ಲಿ ಬದುಕುವ ಆಮಿಶ್, ಮೆನೊನೈಟ್ ಎಂಬ ಕ್ರೈಸ್ತ ಪಂಗಡಗಳ ಕುಟುಂಬಗಳ ಕುದುರೆಗಾಡಿ ಸಿಗುತ್ತವೆ. ದಿಬ್ಬದ ಮೇಲೆ ಅವನ್ನು ಹಿಂದಿಕ್ಕಲು ಹೋಗಬೇಡಿ, ಹಾರ್ನ್ ಹೊಡೆಯಲೇಬೇಡಿ.

ಮನೆ ಹಿಡಿಯುವ ಮೊದಲು

ಸರೋವರದ ದಂಡೆಯ ಊರುಗಳಲ್ಲಿ ಕೆಲವು ಮನೆಗಳನ್ನು ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಮಾತ್ರ ಬಾಡಿಗೆಗೆ ಕೊಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಪ್ರವಾಸಿಗರಿಂದ ವಾರದ ಲೆಕ್ಕದಲ್ಲಿ ಹೆಚ್ಚು ಹಣ ಬರುತ್ತದೆ. ಬಾಡಿಗೆ ಕಡಿಮೆ ಎಂದು ಖುಷಿಯಿಂದ ಒಪ್ಪಿಕೊಂಡರೆ ಜೂನ್ ಕೊನೆಗೆ ಸಾಮಾನು ಕಟ್ಟಬೇಕಾಗಬಹುದು. ಹೊಸ ಮನೆ ಬೇರೆ ಶಾಲೆಯ ಗಡಿಯೊಳಗೆ ಬಿದ್ದರೆ ಮಗು ಮತ್ತೆ ಹೊಸ ಶಾಲೆಗೆ ಹೋಗಬೇಕು. ಹನ್ನೆರಡು ತಿಂಗಳ ಕರಾರೇ ಎಂದು ಬರಹದಲ್ಲಿ ಕೇಳಿ.

ಹಳ್ಳಿಯ ಮನೆಯಾದರೆ ಇನ್ನೂ ಮೂರು ವಿಷಯ ನೋಡಿ. ಗೇಟಿನ ಬಳಿ ಮನೆಯ ನಂಬರಿನ ಫಲಕ ಇದೆಯೇ? ಆಂಬುಲೆನ್ಸ್‌ಗೂ ಶಾಲಾ ಬಸ್ಸಿಗೂ ಅದೇ ಗುರುತು. ಬರೀ ‘ಕನ್ಸೆಷನ್ 10’ ಎಂದರೆ ಸಾಲದು, ಒಂದೇ ಹೆಸರಿನ ರಸ್ತೆ ಬೇರೆ ಬೇರೆ ಟೌನ್‌ಶಿಪ್‌ಗಳಲ್ಲಿ ಇರುತ್ತದೆ. ನಂಬರು ಮತ್ತು ಊರಿನ ಹೆಸರು ಎರಡನ್ನೂ ಬಾಯಿಪಾಠ ಮಾಡಿ, ಮಕ್ಕಳಿಗೂ ಕಲಿಸಿ. ಎರಡನೆಯದು, ಆ ರಸ್ತೆಯ ಹಿಮವನ್ನು ಚಳಿಗಾಲದಲ್ಲಿ ತೆಗೆಯುತ್ತಾರೆಯೇ? ತೆಗೆಯದ ರಸ್ತೆಗೆ ಫಲಕ ಹಾಕಿರುತ್ತಾರೆ, ಆದರೆ ಫೋನಿನ ನಕ್ಷೆ ಜನವರಿಯಲ್ಲೂ ಅದೇ ದಾರಿ ತೋರಿಸುತ್ತದೆ. ಮೂರನೆಯದು ಬಾವಿ.

ಬಾವಿ ನೀರಿನ ವಿಷಯದಲ್ಲಿ ಉದಾಸೀನ ಮಾಡಲೇಬೇಡಿ. 2000ದ ಮೇ ತಿಂಗಳಲ್ಲಿ ಇದೇ ವಾಕರ್ಟನ್‌ನಲ್ಲಿ ಜೋರು ಮಳೆಗೆ ಹೊಲದ ಗೊಬ್ಬರ ಕೊಳವೆಬಾವಿಗೆ ಇಳಿಯಿತು, ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ. 7 ಜನ ಸತ್ತರು, 2 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅದು ಊರಿಗೆಲ್ಲ ಕೊಡುವ ನೀರು. ಸ್ವಂತ ಬಾವಿಗೆ ಕಾವಲು ಯಾರೂ ಇಲ್ಲ, ಪರೀಕ್ಷೆ ನಿಮ್ಮದೇ ಹೊಣೆ. ಸಾರ್ವಜನಿಕ ಆರೋಗ್ಯ ಕಚೇರಿಯಿಂದ ಬಾಟಲಿ ತನ್ನಿ. ಖಾಸಗಿ ಬಾವಿ ನೀರಿನ ಬ್ಯಾಕ್ಟೀರಿಯಾ ಪರೀಕ್ಷೆ ಉಚಿತ. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ತಣ್ಣೀರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಗೆರೆಯವರೆಗೆ ತುಂಬಿ. ಬಾಟಲಿ ತೊಳೆಯಬೇಡಿ, ಒಳಗಿನ ಪುಡಿ ಬೇಕಾದ್ದೇ. ಫ್ರಿಜ್‌ನಲ್ಲಿಟ್ಟು ಬೇಗ ತಲುಪಿಸಿ. 48 ಗಂಟೆ ಮೀರಿದರೆ ಮಾದರಿಯನ್ನು ತಿರಸ್ಕರಿಸುತ್ತಾರೆ. ವರ್ಷಕ್ಕೆ ಮೂರು ಸಲ, ಮುಖ್ಯವಾಗಿ ಹಿಮ ಕರಗಿದ ಮೇಲೆ ಮಾಡಿಸಿ. ಈ ಪರೀಕ್ಷೆ ನೈಟ್ರೇಟ್, ಲೋಹಗಳನ್ನು ನೋಡುವುದಿಲ್ಲ. ಮನೆಯಲ್ಲಿ ಹಸುಗೂಸಿದ್ದರೆ ನೈಟ್ರೇಟ್ ಪರೀಕ್ಷೆಯನ್ನು ಬೇರೆ ಪ್ರಯೋಗಾಲಯದಲ್ಲಿ ದುಡ್ಡು ಕೊಟ್ಟು ಮಾಡಿಸಿ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ.

ಯಾವ ಶಾಲೆ

ಸರ್ಕಾರದ ಹಣದಲ್ಲಿ ನಡೆಯುವ ಇಂಗ್ಲಿಷ್ ಶಾಲಾ ಮಂಡಳಿ ಇಲ್ಲಿ ಎರಡಿವೆ: ಚೆಸ್ಲಿಯಲ್ಲಿ ಕಚೇರಿ ಇರುವ ಬ್ಲೂವಾಟರ್ ಜಿಲ್ಲಾ ಶಾಲಾ ಮಂಡಳಿ, ಹ್ಯಾನೋವರ್‌ನಲ್ಲಿರುವ ಬ್ರೂಸ್-ಗ್ರೇ ಕ್ಯಾಥೊಲಿಕ್ ಮಂಡಳಿ. ಎರಡೂ ಬ್ರೂಸ್ ಮತ್ತು ಪಕ್ಕದ ಗ್ರೇ ಕೌಂಟಿಗಳಿಗೆ ಒಟ್ಟಿಗೆ. ಫ್ರೆಂಚ್ ಮಂಡಳಿಗಳೂ ಇವೆ. ‘ಕಾನ್ವೆಂಟ್ ಒಳ್ಳೆಯದು’ ಎಂಬ ನಮ್ಮೂರಿನ ನಂಬಿಕೆಯನ್ನು ಇಲ್ಲಿಗೆ ತರಬೇಡಿ. ಕ್ಯಾಥೊಲಿಕ್ ಪ್ರಾಥಮಿಕ ಶಾಲೆ ಮೊದಲು ಆ ಧರ್ಮದವರಿಗೆ, ಪ್ರೌಢಶಾಲೆ ಎಲ್ಲರಿಗೂ. ಡೊನೇಷನ್ ಎಂಬುದು ಎಲ್ಲೂ ಇಲ್ಲ. ಶಿಫಾರಸು ಪತ್ರ ಹಿಡಿದು ಪ್ರಿನ್ಸಿಪಾಲರ ಬಳಿ ಹೋಗುವುದು ಬೇಡ, ಅವಮಾನ ನಮ್ಮೆಲ್ಲರದು.

ದಾಖಲಾತಿಗೆ:
ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ
ವರ್ಕ್ ಪರ್ಮಿಟ್ ಅಥವಾ ಪಿ.ಆರ್. (ಕಾಯಂ ನಿವಾಸಿ) ಕಾಗದ
ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್
ಲಸಿಕೆ ದಾಖಲೆ
ಹಿಂದಿನ ಎರಡು ಮೂರು ವರ್ಷಗಳ ಅಂಕಪಟ್ಟಿ

ವರ್ಕ್ ಪರ್ಮಿಟ್ ಇದ್ದವರ ಮಕ್ಕಳಿಗೆ ಶುಲ್ಕವಿಲ್ಲ. ಟಿ.ಸಿ. ಯಾರೂ ಕೇಳುವುದಿಲ್ಲ.

ತರಗತಿ ನಿರ್ಧಾರವಾಗುವುದು ಹುಟ್ಟಿದ ವರ್ಷದ ಮೇಲೆ. ನಮ್ಮಲ್ಲಿ ಜೂನ್ 1ಕ್ಕೆ ಎಷ್ಟು ತುಂಬಿತು ಎಂಬ ಲೆಕ್ಕವಾದರೆ ಇಲ್ಲಿ ಡಿಸೆಂಬರ್ 31ಕ್ಕೆ. ಆ ವರ್ಷ 4 ತುಂಬುವವರು ಜೂನಿಯರ್ ಕಿಂಡರ್‌ಗಾರ್ಟನ್, 5 ಸೀನಿಯರ್, 6 ಒಂದನೇ ತರಗತಿ. ನವೆಂಬರ್‌ನಲ್ಲಿ ಹುಟ್ಟಿದ ಮಗು ಊರಿನಲ್ಲಿದ್ದುದಕ್ಕಿಂತ ಒಂದು ತರಗತಿ ಮುಂದೆ ಕೂರಬಹುದು. ಹಿಂದೆ ಕೂರಿಸಿ ಎಂದು ಹಟ ಹಿಡಿಯಬೇಡಿ. ಓರಗೆಯವರ ಜೊತೆ ಇರಲಿ ಎಂಬುದು ಇಲ್ಲಿನ ನಿಲುವು, ಇಂಗ್ಲಿಷ್‌ಗೆ ಬೇಕಾದ ಸಹಾಯವನ್ನು ಬೇರೆಯಾಗಿ ಕೊಡುತ್ತಾರೆ.

ಲಸಿಕೆ: ಊರು ಬಿಡುವ ಮೊದಲೇ ಓದಿ

ಅತಿ ಹೆಚ್ಚು ಕುಟುಂಬಗಳು ಒದ್ದಾಡುವುದು ಇಲ್ಲಿಯೇ. ಒಂಟಾರಿಯೋದ ಕಾನೂನಿನ ಪ್ರಕಾರ ಡಿಫ್ತೀರಿಯಾ, ಧನುರ್ವಾಯು, ನಾಯಿಕೆಮ್ಮು, ಪೋಲಿಯೋ, ದಡಾರ, ಮಂಗನಬಾವು, ರುಬೆಲ್ಲಾ, ಮೆನಿಂಜೈಟಿಸ್ ಮತ್ತು 2010 ಅಥವಾ ಆಮೇಲೆ ಹುಟ್ಟಿದವರಿಗೆ ಚಿಕನ್‌ಪಾಕ್ಸ್ ಲಸಿಕೆಯ ದಾಖಲೆ ಬೇಕು. ಇಲ್ಲದಿದ್ದರೆ 20 ಶಾಲಾ ದಿನಗಳವರೆಗೆ ಮಗುವನ್ನು ಶಾಲೆಯಿಂದ ಹೊರಗಿಡಬಹುದು.

‘ನಮ್ಮ ತಾಯಿ ಕಾರ್ಡ್ ಪೂರ್ತಿ ತುಂಬಿದೆ’ ಎಂದು ನೆಮ್ಮದಿಯಿಂದಿರಬೇಡಿ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ದಡಾರದ ಮೊದಲ ಡೋಸ್ 9 ತಿಂಗಳಿಗೆ. ಇಲ್ಲಿ ಮೊದಲ ಹುಟ್ಟುಹಬ್ಬದ ದಿನ ಅಥವಾ ಆಮೇಲೆ ಹಾಕಿದ್ದು ಮಾತ್ರ ಲೆಕ್ಕ. ಹಾಗಾಗಿ ಅದು ಸೊನ್ನೆ. ನಮ್ಮ ಎಂ.ಆರ್. (ದಡಾರ, ರುಬೆಲ್ಲಾ) ಲಸಿಕೆಯಲ್ಲಿ ಮಂಗನಬಾವು ಸೇರಿಲ್ಲ. ಚಿಕನ್‌ಪಾಕ್ಸ್, ಮೆನಿಂಜೈಟಿಸ್ ಲಸಿಕೆಗಳು ಸರ್ಕಾರಿ ಪಟ್ಟಿಯಲ್ಲೇ ಇಲ್ಲ. 2016ರ ಏಪ್ರಿಲ್ ನಂತರ ಬಾಯಿಗೆ ಹಾಕಿಸಿದ ಪೋಲಿಯೋ ಹನಿ ಕೆನಡಾದಲ್ಲಿ ಲೆಕ್ಕಕ್ಕಿಲ್ಲ, ಚುಚ್ಚುಮದ್ದೇ ಬೇಕು. ಸಾಧ್ಯವಾದರೆ ಊರಿನಲ್ಲೇ ಮಕ್ಕಳ ವೈದ್ಯರ ಬಳಿ ಮಂಗನಬಾವೂ ಸೇರಿದ ಎಂ.ಎಂ.ಆರ್. ಎರಡು, ಚಿಕನ್‌ಪಾಕ್ಸ್ ಎರಡು ಡೋಸ್ ಮುಗಿಸಿ ಬನ್ನಿ. ಇಲ್ಲವೇ ಇಲ್ಲಿನ ಆರೋಗ್ಯ ಕಚೇರಿಯಲ್ಲಿ ಉಚಿತವಾಗಿ ಹಾಕಿಸಿ. ಪ್ರತಿ ಲಸಿಕೆಯ ಹೆಸರು, ದಿನಾಂಕ, ಮುದ್ರೆ ಸ್ಪಷ್ಟವಾಗಿರಲಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಸಿ, 5/8 ಎಂದರೆ ಮೇ 8 ಎಂದೂ ಓದುತ್ತಾರೆ. ವೈದ್ಯರು ಚುಚ್ಚಿದ ಮಾತ್ರಕ್ಕೆ ಆರೋಗ್ಯ ಇಲಾಖೆಗೆ ತಿಳಿಯುವುದಿಲ್ಲ. ದಾಖಲೆಯನ್ನು ನೀವೇ ಗ್ರೇ ಬ್ರೂಸ್ ಸಾರ್ವಜನಿಕ ಆರೋಗ್ಯ ಕಚೇರಿಗೆ ಕಳಿಸಬೇಕು. ಶಾಲೆಗೆ ಕೊಟ್ಟೆವಲ್ಲ ಎಂದು ಕೂತವರಿಗೇ ನೋಟಿಸ್ ಬರುವುದು.

ಬಸ್ಸು ಮತ್ತು ಹಿಮ

ಹಳದಿ ಬಸ್ಸು ಉಚಿತ, ಆದರೆ ಮನೆಯಿಂದ ಶಾಲೆಗೆ ನಿಗದಿತ ದೂರ ಮೀರಿದವರಿಗೆ ಮಾತ್ರ. ಬಸ್ಸು ನಡೆಸುವುದು ಎರಡೂ ಮಂಡಳಿಗಳ ಜಂಟಿ ಸಾರಿಗೆ ಸಂಸ್ಥೆ. ವಿಳಾಸ ಹಾಕಿದರೆ ಶಾಲೆ ಯಾವುದು, ಬಸ್ಸು ಇದೆಯೇ ಎಂದು ಅವರ ಜಾಲತಾಣ ಹೇಳುತ್ತದೆ. ಕಿಂಡರ್‌ಗಾರ್ಟನ್ ಮಗುವನ್ನು ಇಳಿಸಿಕೊಳ್ಳಲು ದೊಡ್ಡವರು ನಿಲ್ದಾಣದಲ್ಲಿ ನಿಂತಿರಲೇಬೇಕು, ಯಾರೂ ಕಾಣದಿದ್ದರೆ ಬಸ್ಸು ಮಗುವನ್ನು ಶಾಲೆಗೆ ವಾಪಸ್ ಒಯ್ಯುತ್ತದೆ. ನೀವು ಕಾರಿನಲ್ಲಿದ್ದಾಗ ಬಸ್ಸಿನ ಕೆಂಪು ದೀಪ ಮಿನುಗಿದರೆ ಎರಡೂ ಕಡೆಯಿಂದ ನಿಲ್ಲಬೇಕು, ಹಿಂದಿನಿಂದ ಬರುವವರು 20 ಮೀಟರ್ ದೂರದಲ್ಲಿ. ಮೊದಲ ತಪ್ಪಿಗೇ 400ರಿಂದ 2,000 ಡಾಲರ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್.

ನವೆಂಬರ್‌ನಿಂದ ತಂಪುಗಾಳಿ ಇನ್ನೂ ಬೆಚ್ಚಗಿರುವ ಸರೋವರದ ಮೇಲೆ ಹಾದು ಬರುತ್ತದೆ, ತೇವ ಹೀರಿ ದಡದಲ್ಲಿ ಹಿಮವಾಗಿ ಸುರಿಯುತ್ತದೆ. ಕಿರಿದಾದ ಪಟ್ಟಿಯಂತೆ ಬರುವುದರಿಂದ ನಿಮ್ಮ ಮನೆಯ ಮುಂದೆ ಬಿಸಿಲಿದ್ದು ಹತ್ತು ಕಿ.ಮೀ. ಆಚೆ ಹೆದ್ದಾರಿ 21ರಲ್ಲಿ ಮುಂದಿನ ಕಾರು ಕಾಣದಿರಬಹುದು. ಕಿಟಕಿಯಿಂದ ನೋಡಿ ತೀರ್ಮಾನಿಸಬೇಡಿ. ಬೆಳಿಗ್ಗೆ ಎದ್ದೊಡನೆ ಸಾರಿಗೆ ಸಂಸ್ಥೆಯ ಪುಟ ನೋಡಿ. ‘ಬಸ್ಸು ತಡ’, ‘ಬಸ್ಸು ರದ್ದು’, ‘ಶಾಲೆ ಮುಚ್ಚಿದೆ’ ಮೂರೂ ಬೇರೆ ಬೇರೆ. ಬೆಳಿಗ್ಗೆ ರದ್ದಾದ ಬಸ್ಸು ಸಂಜೆಯೂ ಬರುವುದಿಲ್ಲ; ಶಾಲೆ ತೆರೆದಿದೆ ಎಂದು ಕಾರಿನಲ್ಲಿ ಬಿಟ್ಟುಬಂದರೆ ಕರೆತರುವುದೂ ನಿಮ್ಮ ಕೆಲಸ, ಅಷ್ಟರಲ್ಲಿ ಪೊಲೀಸರು ರಸ್ತೆ ಮುಚ್ಚಿರಬಹುದು. ಗಂಡ ಹೆಂಡತಿ ಇಬ್ಬರೂ ಪಾಳಿಯಲ್ಲಿದ್ದರೆ ಇಂಥ ದಿನಗಳಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಮನೆಯನ್ನು ಅಕ್ಟೋಬರ್‌ನಲ್ಲೇ ಮಾತಾಡಿ ಇಟ್ಟುಕೊಳ್ಳಿ. ಹಾಜರಿ ತಪ್ಪುತ್ತದೆಂದು ಹೆದರಬೇಡಿ. ಮಗು ಬರುವುದಿಲ್ಲವೆಂದು ಮಾತ್ರ ಗಂಟೆ ಬಾರಿಸುವ ಮೊದಲೇ ತಿಳಿಸಿ.

ಬ್ಯಾಗಿನಲ್ಲಿ: ಹಿಮದ ಪ್ಯಾಂಟ್, ನೀರು ಹೋಗದ ಬೂಟು, ಬೆರಳು ಸೇರಿಸಿದ ಕೈಗವಸು ಎರಡು ಜೊತೆ, ಕುತ್ತಿಗೆಯ ಗವಸು (ಉದ್ದ ಶಾಲು ಬೇಡ, ಆಟದಲ್ಲಿ ಸಿಕ್ಕಿಕೊಳ್ಳುತ್ತದೆ), ಒಳಗೆ ಹಾಕುವ ಬೇರೆ ಶೂ, ಎಲ್ಲದರ ಮೇಲೂ ಹೆಸರು.

ಊಟದ ಡಬ್ಬಿ

ಅನೇಕ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಎರಡು ಬಿಡುವು ಇರುತ್ತವೆ, ಒಂದು ದೊಡ್ಡ ಡಬ್ಬಿಯ ಬದಲು ಎರಡು ಚಿಕ್ಕವು ಕೊಡಿ. ಬಿಸಿ ಮಾಡಿ ಕೊಡುವವರಿಲ್ಲ. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಬಿಸಿಬೇಳೆಬಾತ್ ತುಂಬಿದರೆ ಮಧ್ಯಾಹ್ನದವರೆಗೂ ಬಿಸಿ ಇರುತ್ತದೆ. ಕಡಲೆಕಾಯಿ, ಗೋಡಂಬಿ ಹಾಕಿದ್ದು ಮಾತ್ರ ಬೇಡವೇ ಬೇಡ: ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಚಿಕ್ಕಿ, ಗೋಡಂಬಿ ಹಾಕಿದ ಉಪ್ಪಿಟ್ಟು. ಅಲರ್ಜಿಯಿರುವ ಮಕ್ಕಳ ರಕ್ಷಣೆಗೆ 2006ರಿಂದ ಒಂಟಾರಿಯೋದಲ್ಲಿ ಕಾನೂನೇ ಇದೆ. ‘ಎರಡು ಬೀಜಕ್ಕೆ ಏನಾಗುತ್ತದೆ’ ಎನ್ನಬೇಡಿ, ಇನ್ನೊಬ್ಬರ ಮಗುವಿನ ಉಸಿರಿನ ಪ್ರಶ್ನೆ.

ಪ್ರೌಢಶಾಲೆ

ಪ್ರೌಢಶಾಲೆಯ ಡಿಪ್ಲೊಮಾ ಸಿಗಲು 9ರಿಂದ 12ರವರೆಗೆ 30 ಕ್ರೆಡಿಟ್ (ಸಾಮಾನ್ಯವಾಗಿ ಒಂದು ವಿಷಯ ಪಾಸಾದರೆ ಒಂದು), 10ನೇ ತರಗತಿಯ ಸಾಕ್ಷರತಾ ಪರೀಕ್ಷೆ, 40 ಗಂಟೆ ಸಮುದಾಯ ಸೇವೆ ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರನ್ನು ಸಾಮಾನ್ಯವಾಗಿ 11ಕ್ಕೆ ಸೇರಿಸಿ, ಹಿಂದಿನ ಓದಿಗೆ ಪ್ರಿನ್ಸಿಪಾಲರು ಕ್ರೆಡಿಟ್ ಕೊಡುತ್ತಾರೆ. 8, 9ರ ಅಂಕಪಟ್ಟಿಯನ್ನೂ ತನ್ನಿ. 75 ಬಂದರೆ ಮಗುವನ್ನು ಬೈಯಬೇಡಿ: 70ರಿಂದ 79 ಎಂದರೆ ಪ್ರಾಂತ್ಯ ನಿರೀಕ್ಷಿಸುವ ಮಟ್ಟ ಮುಟ್ಟಿದ ಹಾಗೆ.

ಎಚ್ಚರ ಬೇಕಾದದ್ದು ವಿಷಯಗಳ ಆಯ್ಕೆಯಲ್ಲಿ. ಎಂಜಿನಿಯರಿಂಗ್‌ಗೆ 12ನೇ ತರಗತಿಯ ಕ್ಯಾಲ್ಕುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ಬೇಕು. ಕ್ಯಾಲ್ಕುಲಸ್‌ಗೆ ಅಡ್ವಾನ್ಸ್ಡ್ ಫಂಕ್ಷನ್ಸ್ ಜೊತೆಗಿರಬೇಕು, ಅದಕ್ಕೆ 11ನೇ ತರಗತಿಯ ವಿಶ್ವವಿದ್ಯಾಲಯ ಮಟ್ಟದ ಗಣಿತ ಆಗಿರಬೇಕು. 11ರಲ್ಲಿ ಸುಲಭದ್ದೆಂದು ಬೇರೆ ಗಣಿತ ತೆಗೆದುಕೊಂಡರೆ ಈ ಸರಪಳಿ ಅಲ್ಲೇ ತುಂಡಾಗುತ್ತದೆ. ಇಲ್ಲಿನ ಸಣ್ಣ ಶಾಲೆಗಳಲ್ಲಿ ಎಲ್ಲ ವಿಷಯಗಳೂ ಪ್ರತಿ ವರ್ಷ ನಡೆಯುವುದಿಲ್ಲ, ಮಕ್ಕಳ ಸಂಖ್ಯೆ ಸಾಲದಿದ್ದರೆ ಆನ್‌ಲೈನ್‌ನಲ್ಲಿ ಓದಬೇಕಾಗುತ್ತದೆ. 10ನೇ ತರಗತಿಯ ಚಳಿಗಾಲದಲ್ಲಿ, ವಿಷಯಗಳ ಆಯ್ಕೆಯ ಫಾರಂ ಕೊಡುವ ಮೊದಲೇ, ಗೈಡೆನ್ಸ್ ಶಿಕ್ಷಕರ ಜೊತೆ ಕೂತು ಎರಡು ವರ್ಷಗಳ ಪಟ್ಟಿ ಬರೆಸಿಕೊಳ್ಳಿ.

ಕನ್ನಡ

ಮನೆಯಲ್ಲಿ ಕನ್ನಡ ಬಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬುದನ್ನು ನಂಬಬೇಡಿ. ಶಾಲೆಯವರೂ ಮನೆಮಾತು ಉಳಿಸಿಕೊಳ್ಳಿ ಎಂದೇ ಹೇಳುತ್ತಾರೆ. ಒಂಟಾರಿಯೋದಲ್ಲಿ ಪ್ರಾಥಮಿಕ ಶಾಲೆಯ 23 ಮಕ್ಕಳ ಪೋಷಕರು ಬರಹದಲ್ಲಿ ಕೇಳಿದರೆ, ಶಾಲಾ ವೇಳೆಯ ಹೊರಗೆ ಆ ಭಾಷೆಯ ತರಗತಿಯನ್ನು ಮಂಡಳಿಯೇ ನಡೆಸಬೇಕು. ಬ್ರೂಸ್, ಗ್ರೇ ಎರಡೂ ಕೌಂಟಿಗಳ ಮಕ್ಕಳು ಒಂದೇ ಮಂಡಳಿಯಡಿ ಬರುವುದರಿಂದ ಓವನ್ ಸೌಂಡ್, ಹ್ಯಾನೋವರ್‌ನ ಮನೆಗಳನ್ನೂ ಸೇರಿಸಿಕೊಳ್ಳಬಹುದು. ಮಗುವಿನ ಹೆಸರು, ತರಗತಿ, ಶಾಲೆ ಬರೆದು ನಮ್ಮ ಕನ್ನಡ ಸಂಘದ ಪಟ್ಟಿಗೆ ಕೊಡಿ. ಸಹಿ ತಂದೆ ತಾಯಿಯರದೇ ಇರಲಿ, ಅಜ್ಜ ಅಜ್ಜಿಯರ ಸಹಿ ನಡೆಯುವುದಿಲ್ಲ.