ಗಲ್ಲು ಶಿಕ್ಷೆ: ದಾವಣಗೆರೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಕ್ರಮ

ಜಯದೇವ ವೃತ್ತದಲ್ಲಿ ನಿಂತು ಹೋಗಿಬರುವವರನ್ನು ಕೇಳಿದರೆ ಸಮೀಕ್ಷೆ ಆಗುವುದಿಲ್ಲ. ಮನೆಯಲ್ಲಿರುವ ಹೆಂಗಸರು, ವಯಸ್ಸಾದವರು ಲೆಕ್ಕಕ್ಕೇ ಬರುವುದಿಲ್ಲ. ಮತದಾರರ ಪಟ್ಟಿ ಹಿಡಿಯಿರಿ. ಚೀಟಿ ಎತ್ತಿ 16 ಮತಗಟ್ಟೆ ಆರಿಸಿ, ಒಂದೊಂದರಿಂದ 30 ಹೆಸರು ತೆಗೆಯಿರಿ. ಪಟ್ಟಿಯಲ್ಲಿ 900 ಜನರಿದ್ದರೆ ಪ್ರತಿ 30ನೆಯ ಹೆಸರು. ಮೊದಲನೆಯದನ್ನು 1ರಿಂದ 30ರೊಳಗೆ ಚೀಟಿಯಲ್ಲೇ ಎತ್ತಬೇಕು. 480ರಲ್ಲಿ 400 ಜನ ಸಿಕ್ಕರೂ ಸಾಕು. ಬೀಗ ಹಾಕಿದ್ದರೆ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ, ಪಕ್ಕದ ಮನೆಯವರನ್ನು ಕೇಳಿ ಭರ್ತಿ ಮಾಡಬೇಡಿ. ಒಂದೇ ಓಣಿಯವರ ಯೋಚನೆ ಒಂದೇ ತರ ಇರುವುದರಿಂದ, 400 ಜನರ ಸಮೀಕ್ಷೆಗೆ ಸಾಮಾನ್ಯವಾಗಿ ಹೇಳುವ ಶೇ 5ರ ಏರುಪೇರು (ಫಲಿತಾಂಶ ಅಷ್ಟು ಆಚೀಚೆ ಆಗಬಹುದು ಎಂಬ ಲೆಕ್ಕ) ಇಲ್ಲಿ ಇನ್ನೂ ಹೆಚ್ಚು.

ನಿಜವಾದ ಕಷ್ಟ ಪ್ರಶ್ನೆಯದ್ದು. "ಇಂಥ ಪಾಪಿಗಳಿಗೆ ಗಲ್ಲು ಬೇಡವೇ?" ಎಂದರೆ ಉತ್ತರ ನೀವೇ ಕೊಟ್ಟಂತಾಯಿತು. ಮೊದಲು ಸಾದಾ ಪ್ರಶ್ನೆ: "ಕೊಲೆಗೆ ಗಲ್ಲು ಶಿಕ್ಷೆ ಇರಬೇಕೆ, ಬೇಡವೆ, ಹೇಳಲಾರಿರಾ?" ಎರಡನೆಯದು: "ಸಾಯುವವರೆಗೂ ಬಿಡುಗಡೆಯೇ ಇಲ್ಲದ ಜೈಲು ಶಿಕ್ಷೆ ಖಾತ್ರಿಯಾದರೆ, ಅದು ಸರಿಯೋ ಗಲ್ಲು ಸರಿಯೋ?" ಇದು ಕಲ್ಪನೆಯ ಮಾತಲ್ಲ, ನಮ್ಮ ಕರ್ನಾಟಕದ್ದೇ ಆದ, ಹೆಂಡತಿಯನ್ನು ಕೊಂದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಅಂಥ ಶಿಕ್ಷೆ ಕೊಟ್ಟಿದೆ. ಜೀವಾವಧಿ ಎಂದರೆ 14 ವರ್ಷ ಅಷ್ಟೇ ಎಂದುಕೊಂಡವರು ಗಲ್ಲಿನ ಕಡೆ ವಾಲುತ್ತಾರೆ, ಹಾಗಾಗಿ ಬಿಡಿಸಿ ಹೇಳಿ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2019ರಲ್ಲಿ ಸಾದಾ ಪ್ರಶ್ನೆ ಕೇಳಿದಾಗ ಶೇ 56 ಜನ ಮರಣದಂಡನೆಗೆ ಹೂಂ ಅಂದರು. ಮರಣದಂಡನೆ, ಬಿಡುಗಡೆಯಿಲ್ಲದ ಜೀವಾವಧಿ ಎರಡರಲ್ಲಿ ಒಂದನ್ನು ಆರಿಸಿ ಅಂದಾಗ ಮರಣದಂಡನೆ ಆರಿಸಿದವರು ಶೇ 36.

ಮೂರನೆಯದು ಒಂದು ಪ್ರಕರಣ: ದರೋಡೆಗೆ ಬಂದ 22ರ ಹುಡುಗ ಕೊಲೆ ಮಾಡಿದ್ದಾನೆ. ಅರ್ಧ ಜನರಿಗೆ ಅಪರಾಧವನ್ನಷ್ಟೇ ಓದಿ; ಇನ್ನರ್ಧಕ್ಕೆ ಅವನ ಹಿನ್ನೆಲೆಯನ್ನೂ ಸೇರಿಸಿ. 1980ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಬಚನ್ ಸಿಂಗ್ ತೀರ್ಪಿನಿಂದ ನ್ಯಾಯಾಲಯಗಳು ತೂಗಬೇಕಾದ್ದು ಅಪರಾಧ, ಅಪರಾಧಿಯ ಹಿನ್ನೆಲೆ ಎರಡನ್ನೂ.

ಕೇಳುವಾಗ ಮಗ ಅಡ್ಡ ಬರುತ್ತಾನೆ: "ಅವ್ವಗೇನ್ ಗೊತ್ತು, ನಾ ಹೇಳ್ತೀನಿ ಬರ್ಕಳ್ರಿ." "ಪಟ್ಟಿಯಾಗೆ ಅವ್ವಾರ ಹೆಸರೈತ್ರಿ" ಎನ್ನಿ, ಸಾಕು. ಉತ್ತರ ಏನೇ ಬರಲಿ, ತಲೆಯಾಡಿಸಬೇಡಿ.

ನಿರ್ಭಯಾ ಪ್ರಕರಣದ ನಾಲ್ವರನ್ನು 2020ರ ಮಾರ್ಚ್ 20ರಂದು ಗಲ್ಲಿಗೇರಿಸಿದಂಥ ಸುದ್ದಿಯ ವಾರದಲ್ಲಿ ಹೊರಡಬೇಡಿ. ಫಲಿತಾಂಶದ ಜತೆ ಪ್ರಶ್ನೆಯ ಪೂರ್ತಿ ಪಾಠ, ಕೇಳಿದ ದಿನಾಂಕ ಹಾಕಿ. "ಹೇಳಲಾರೆ" ಎಂದವರನ್ನು ಕೈಬಿಟ್ಟು ಶೇಕಡಾ ತೆಗೆಯುವುದು ಪತ್ರಿಕೆಗಳ ಹಳೇ ಚಾಳಿ; ಅವರಿಗೂ ಪ್ರತ್ಯೇಕ ಸಾಲು ಕೊಡಿ.